ಹೆಪ್ಪುಗಣ್ಣನ ನಾಡಿನಲ್ಲಿ ಮಾಸದ ಮಲ್ಲಿಗೆ

ಬೆಟ್ಟಗಳಿಗೂ ಹಕ್ಕಿಗಳಿಗೂ ಮಾತು ಬರುತ್ತಿದ್ದ ಕಾಲ. ಆಗ ಬಡಗಣ ದಿಕ್ಕಿನಲ್ಲಿ, ಮೋಡಗಳು ಮಲಗಲು ಇಳಿದುಬರುವ ಎತ್ತರದಲ್ಲಿ, ಇಬ್ಬನಿಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಬೇಸಿಗೆ ನೆಂಟನ ಹಾಗೆ ಬಂದು ಹೋಗುತ್ತಿತ್ತು. ಚಳಿ ಮಾತ್ರ ಮನೆಯ ಯಜಮಾನನ ಹಾಗೆ ಕೂತುಬಿಡುತ್ತಿತ್ತು. ಚಳಿಗಾಲ ಬಂತೆಂದರೆ ಒಂದು ಮರದ ಮೇಲೂ ಎಲೆ ಉಳಿಯುತ್ತಿರಲಿಲ್ಲ.

ಆ ರಾಜ್ಯಕ್ಕೆ ತೆಂಕಣ ಕಡಲನಾಡಿನಿಂದ ಬಾಚಲೆ ಎಂಬ ರಾಜಕುವರಿ ಸೊಸೆಯಾಗಿ ಬಂದಳು. ಬರುವಾಗ ತವರಿನಿಂದ ಮಣ್ಣಿನ ಕುಂಡದಲ್ಲಿ ಒಂದು ಬಳ್ಳಿಯನ್ನು ಮಡಿಲಲ್ಲಿಟ್ಟುಕೊಂಡು ತಂದಳು. ಅದು ಮಾಸದ ಮಲ್ಲಿಗೆ. ಅದರ ಎಲೆ ಎಂದೂ ಉದುರದು, ಅದರ ಹೂವಿನ ಕಂಪು ಊರಾಚೆಗೂ ಹೋಗುವುದು. ಆದರೆ ಇಬ್ಬನಿಗಿರಿಯ ಅರಮನೆಯ ಒಳಕೋಣೆಯಲ್ಲಿ ಆ ಬಳ್ಳಿ ಬದುಕಿತ್ತು, ಅಷ್ಟೆ. ಒಂದು ಮೊಗ್ಗೂ ಬಿಡಲಿಲ್ಲ.

ಬಾಚಲೆಯ ಗಂಡ ರಾಜಕುಮಾರ ಇರುಗ. ಮದುವೆಯಾದ ಹೊಸತರಲ್ಲೇ ಅವನು ಹಿಮದ ಶಿಖರದ ಕಡೆ ಕುದುರೆ ಏರಿ ಹೋದ. ಆ ಶಿಖರದಲ್ಲಿ ಹೆಪ್ಪುಗಣ್ಣನೆಂಬ ಮಾಂತ್ರಿಕನಿದ್ದ. ಅವನ ಕಣ್ಣು ಬಿದ್ದ ಹಳ್ಳ ಕಲ್ಲಾಗುತ್ತಿತ್ತು, ಹಾರುವ ಹಕ್ಕಿ ಹರಳಾಗುತ್ತಿತ್ತು. ಆ ಕಣ್ಣು ಇರುಗನ ಮೇಲೂ ಬಿತ್ತು. ಕುದುರೆ ಅವನನ್ನು ಹೊತ್ತು ತಂದಿತು. ಅಂದಿನಿಂದ ಅವನು ಕಿಟಕಿಯ ಬಳಿ ಚಿತ್ರದ ಹಾಗೆ ಕೂತ. ಉಣಿಸಿದರೆ ಉಣ್ಣುವನು, ಕರೆದರೆ ಓಗೊಡನು. ಪಾದದಿಂದ ಶುರುವಾದ ಚಳಿ ದಿನದಿನಕ್ಕೂ ಮೇಲೇರುತ್ತಿತ್ತು.

“ಎದೆಗೆ ಮುಟ್ಟಿದರೆ ಮುಗಿಯಿತು,” ಎಂದಳು ಅತ್ತೆ ಪದುಮಲೆ ರಾಣಿ. ಗಂಡ ತೀರಿಕೊಂಡ ಮೇಲೆ ರಾಜ್ಯ ಆಳುತ್ತಿದ್ದವಳು ಅವಳೇ. ಅವಳದು ಮಾತು ಕಡಿಮೆ. ಅಷ್ಟು ಹೇಳಿ ಎದ್ದು ಹೋದಳು.

ಮಾಗಿ ಹತ್ತಿರ ಬಂದಾಗ ಅರಮನೆಯ ಕೊಳಕ್ಕೆ ಹೆಬ್ಬಾತುಗಳ ಹಿಂಡು ಇಳಿಯಿತು. ಬಾಚಲೆ ಕಾಳು ಹಾಕುತ್ತ ಕಣ್ಣೀರು ಹಾಕಿದಳು. ಹಿಂಡಿನ ಮುದಿ ಹೆಬ್ಬಾತು ಕತ್ತು ಎತ್ತಿ ಕೇಳಿತು, “ಯಾಕಮ್ಮಾ ಅಳುತ್ತೀ? ನಿನ್ನ ಗಂಡನಿಗೆ ಮದ್ದು ನಿನ್ನ ಕೋಣೆಯಲ್ಲೇ ಇದೆ.”

“ನನ್ನ ಬಳ್ಳಿಯೇ? ಅದು ಹೂವೇ ಬಿಡುವುದಿಲ್ಲವಲ್ಲ!”

“ಸೂರಿನಡಿ ಹೇಗೆ ಬಿಡುತ್ತದೆ? ಈ ನಾಡಿನ ಮಣ್ಣಲ್ಲಿ, ಬಯಲಲ್ಲಿ, ಒಂದು ಚಳಿಗಾಲ ಕಳೆದು ಅದು ಹೂ ಬಿಟ್ಟರೆ, ಆ ಕಂಪು ಹೆಪ್ಪುಗಟ್ಟಿದ್ದನ್ನೆಲ್ಲ ಕರಗಿಸುತ್ತದೆ. ಹುಷಾರು. ಹೆಪ್ಪುಗಣ್ಣನಿಗೂ ಇದು ಗೊತ್ತು.” ಇಷ್ಟು ಹೇಳಿ ಹೆಬ್ಬಾತು ಹಿಂಡಿನೊಡನೆ ಹಾರಿತು.

ಬಾಚಲೆ ಕುಂಡವನ್ನು ಹೊತ್ತು ತೋಟಕ್ಕೆ ಬಂದಳು. ಸೂರ್ಯ ಮೊದಲು ಮುಟ್ಟುವ ಮೂಡಣ ಅಂಗಳದಲ್ಲಿ ಗುಂಡಿ ತೆಗೆಯಲು ಕೂತಳು. ಹಿಂದಿನಿಂದ ಪದುಮಲೆ ರಾಣಿಯ ದನಿ ಕೇಳಿತು.

“ಅಲ್ಲಿ ಬೇಡ ಮಗಳೇ. ರಾತ್ರಿ ಮಂಜು ಕೂತ ಎಲೆಯ ಮೇಲೆ ಬೆಳ್ಳಂಬೆಳಗ್ಗೆ ಬಿಸಿಲು ಬಿದ್ದರೆ ಎಲೆ ಸುಟ್ಟುಹೋಗುತ್ತದೆ. ಮಂಜು ಮೆಲ್ಲಗೆ ಕರಗಬೇಕು. ಅಡುಗೆಮನೆಯ ಹಿಂದೆ ತೆಂಕುಮುಖದ ಗೋಡೆಯಿದೆ. ಒಲೆಯ ಬಿಸಿ ಹಗಲಿರುಳೂ ಅದರೊಳಗೆ ಇರುತ್ತದೆ.”

ರಾಣಿ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೂ ಕೂತಳು. ಅತ್ತೆ ಸೊಸೆ ಇಬ್ಬರೂ ಸೇರಿ ಗೋಡೆಯ ಬುಡದಲ್ಲಿ ಆಳವಾಗಿ ಅಗೆದರು. ನೀರು ನಿಂತರೆ ಬೇರು ಕೊಳೆಯುತ್ತದೆಂದು ತಳಕ್ಕೆ ಜಲ್ಲಿ ಹರಡಿದರು, ಮರಳು ಬೆರೆಸಿದರು, ಬಳ್ಳಿಯನ್ನಿಟ್ಟು ಹುರಿ ಕಟ್ಟಿ ಗೋಡೆಗೆ ಹಬ್ಬಿಸಿದರು. ಬುಡದ ಮೇಲೆ ಒಣ ತರಗೆಲೆಯನ್ನು ಮೊಳಕಾಲೆತ್ತರ ಒಟ್ಟಿದರು.

ಮಾಗಿ ಬಂತು. ಶಿಖರದಲ್ಲಿ ಕೂತ ಹೆಪ್ಪುಗಣ್ಣ ಕೆಳಗೆ ನೋಡಿದ. ಬಿಳಿಯ ರಾಜ್ಯದ ನಡುವೆ ಒಂದೇ ಒಂದು ಹಸಿರು ಚುಕ್ಕೆ ಕಂಡಿತು. ಅಷ್ಟು ದೂರಕ್ಕೆ ಅವನ ಕಣ್ಣಿನ ಮಾಟ ತಾಗದು. ಅವನು ತನ್ನ ಗಾಳಿತೋಳವನ್ನು ಬಿಟ್ಟ.

ತೋಳ ಊಳಿಡುತ್ತ ಬಂದು ತೋಟದ ಬೇಲಿ ಹಾರಿತು. “ಬಳ್ಳೀ ಬಳ್ಳೀ, ನಿನ್ನ ಬೆನ್ನಿಗೆ ಯಾರಿದ್ದಾರೆ?”

“ಗೋಡೆ ಇದೆ,” ಎಂದಿತು ಬಳ್ಳಿ, ಎಲೆ ಅಲುಗಿದಷ್ಟೇ ಸದ್ದಿನಲ್ಲಿ.

ತೋಳ ಹಾರಿ ಬಿತ್ತು. ಗೋಡೆಗೆ ಬಡಿಯಿತು, ಮತ್ತೆ ಬಡಿಯಿತು, ಒಡೆದು ಸಾವಿರ ಸಣ್ಣ ಗಾಳಿಗಳಾಗಿ ಅಡುಗೆಮನೆಯ ಹೊಗೆಯೊಡನೆ ಬೆರೆತುಹೋಯಿತು.

ಹೆಪ್ಪುಗಣ್ಣ ಆಮೇಲೆ ಮಂಜಿನ ಕೊಕ್ಕರೆಯನ್ನು ಬಿಟ್ಟ. ಅದಕ್ಕೆ ಸದ್ದೇ ಇರಲಿಲ್ಲ. ಅದು ಬಾನಿನಿಂದ ತೇಲಿ ಇಳಿದು ರೆಕ್ಕೆ ಹರಡಿತು. “ಬಳ್ಳೀ ಬಳ್ಳೀ, ನಿನಗೆ ಹೊದಿಕೆ ಏನಿದೆ?”

“ಹುಲ್ಲಿನ ಚಾಪೆಯಿದೆ. ಅದರ ಮೇಲೆ ರಾಣಿಯಮ್ಮನ ಕಂಬಳಿಯಿದೆ.”

ಕೊಕ್ಕರೆ ಒಂದೊಂದೇ ಗರಿ ಉದುರಿಸಿತು. ಒಂದೊಂದು ಗರಿಯೂ ಒಂದೊಂದು ಚಳಿ. ಎಲ್ಲವೂ ಕಂಬಳಿಯ ಮೇಲೇ ಬಿದ್ದವು. ಗರಿಯೆಲ್ಲ ಮುಗಿದಾಗ ಕೊಕ್ಕರೆಯೂ ಮುಗಿಯಿತು. ಬಿಸಿಲೇರಿದ ಮೇಲೆ ಬಾಚಲೆ ಬಂದು ಕಂಬಳಿ ಕೊಡವಿದಳು. ಒಳಗೆ ಎಲೆಗಳು ಹಸಿರಾಗಿ ನಗುತ್ತಿದ್ದವು.

ಮೂರನೆಯ ಸಲ ಹೆಪ್ಪುಗಣ್ಣ ತಾನೇ ಇಳಿದುಬಂದ. ಕಣ್ಣು ಮುಚ್ಚಿಕೊಂಡು ಬಂದ. ಅರಿಸಿನದ ಬಣ್ಣದ ಪೇಟ ಸುತ್ತಿ, ಕುರುಡ ಹಾಡುಗಾರನ ವೇಷ ಹಾಕಿ ಬಂದ. ಅವನು ಹೆಜ್ಜೆಯಿಟ್ಟಲ್ಲೆಲ್ಲ ಹಿಮ ಕರಗಿತು, ಎಳೆ ಹುಲ್ಲು ಎದ್ದಿತು. ಬೆಚ್ಚನೆ ಗಾಳಿ ಕನಸಿನ ಹಾಗೆ ಊರ ತುಂಬ ಹರಿಯಿತು. ಜನ ಶಾಲು ತೆಗೆದರು. ಕಿಟಕಿಯ ಬಳಿ ಇರುಗನ ಕಿರುಬೆರಳು ಅಲುಗಿತು.

“ಅತ್ತೇ, ನೋಡಿ! ವಸಂತ ಬಂತು!” ಬಾಚಲೆ ಕೂಗಿದಳು.

“ಅಕ್ರೋಟ ಮರ ಇನ್ನೂ ಚಿಗುರಿಲ್ಲ,” ಎಂದಳು ರಾಣಿ. “ಆ ಮರ ಯಾರ ಮಾತಿಗೂ ಮರುಳಾಗುವುದಿಲ್ಲ. ತಾಳು.”

ಆದರೆ ಹಾಡುಗಾರ ಅಡುಗೆಮನೆಯ ಹಿಂದೆ ನಿಂತು ಜೇನಿನಂಥ ದನಿಯಲ್ಲಿ ಹೇಳಿದ, “ತಾಯೀ, ಕಂಬಳಿಯೊಳಗೆ ಯಾರೋ ಉಸಿರುಗಟ್ಟಿ ಅಳುತ್ತಿದ್ದಾರೆ. ಬಿಡಿಸಬಾರದೇ?”

ಬಾಚಲೆಯ ಕಣ್ಣ ಮುಂದೆ ಆ ಕಿರುಬೆರಳೇ ಇತ್ತು. ಅವಳು ಕಂಬಳಿ ಎಳೆದಳು, ಚಾಪೆ ಬಿಚ್ಚಿದಳು. ಬಳ್ಳಿ ಬಿಸಿಲಿಗೆ ಮೈಚಾಚಿತು. ನೋಡುನೋಡುತ್ತಿದ್ದಂತೆ ತುದಿತುದಿಗೂ ಎಳೆಯ ಕೆಂಪು ಚಿಗುರು ಬಂತು.

ಆಗ ಹಾಡುಗಾರ ಕಣ್ಣು ತೆರೆದ.

ಗಾಳಿ ನಿಂತಿತು. ಕೆಂಪು ಚಿಗುರು ಕಪ್ಪಾಯಿತು. ಎಲೆ ಕಪ್ಪಾಯಿತು. ಕಾಂಡ ಬುಡದವರೆಗೂ ಕಪ್ಪಾಗಿ ಸುಟ್ಟ ಹುರಿಯ ಹಾಗೆ ಗೋಡೆಯ ಮೇಲೆ ನೇತಾಡಿತು. ಹೆಪ್ಪುಗಣ್ಣ ನಕ್ಕ. “ಇನ್ನು ನಾನು ನೆಮ್ಮದಿಯಾಗಿ ಮಲಗುತ್ತೇನೆ,” ಎಂದು ಶಿಖರಕ್ಕೆ ಹೋಗಿ ಮಲಗಿಯೂ ಬಿಟ್ಟ.

ಬಾಚಲೆ ಅತ್ತೆಯ ಕಾಲ ಬಳಿ ಕುಸಿದಳು. “ನಿಮ್ಮ ಮಗನನ್ನು ನಾನೇ ಕೊಂದೆ.”

ರಾಣಿ ಅವಳನ್ನು ಎತ್ತಿ ಕೂರಿಸಿದಳು. “ಅವನ ಬೆರಳು ಅಲುಗಿದ್ದನ್ನು ನಾನೂ ನೋಡಿದೆ. ಇನ್ನೊಂದು ಗಳಿಗೆ ತಡವಾಗಿದ್ದರೆ ಆ ಕಂಬಳಿಯನ್ನು ನಾನೇ ಎಳೆಯುತ್ತಿದ್ದೆ.” ಮೊದಲ ಬಾರಿಗೆ ರಾಣಿಯ ದನಿ ನಡುಗಿತು. ಅವಳು ಸೊಸೆಯ ತಲೆ ನೇವರಿಸಿದಳು.

ಸೇವಕರು ಗುದ್ದಲಿ ತಂದರು. “ಕಿತ್ತುಹಾಕಲೇ ಅಮ್ಮಾ?”

“ಮುಟ್ಟಬೇಡಿ,” ಎಂದಳು ಬಾಚಲೆ. “ಅವನು ಕಂಡದ್ದು ಮಣ್ಣಿನ ಮೇಲಿದ್ದದ್ದನ್ನು. ಒಳಗಿನದನ್ನು ಅವನೂ ಕಂಡಿಲ್ಲ, ನಾವೂ ಕಂಡಿಲ್ಲ.” ಕಪ್ಪಾದ ಕಾಂಡವನ್ನು ಹಾಗೇ ಬಿಟ್ಟು, ಬುಡಕ್ಕೆ ಇನ್ನಷ್ಟು ತರಗೆಲೆ ಹಾಕಿ ಕಾದಳು.

ನಿಜವಾದ ವಸಂತ ಬಂತು. ಅಕ್ರೋಟ ಚಿಗುರಿತು, ಬಳ್ಳಿ ಚಿಗುರಲಿಲ್ಲ. ಕಾಡು ಹೂಬಿಟ್ಟಿತು, ಬಳ್ಳಿ ಅಲುಗಲಿಲ್ಲ. ಇರುಗನ ಚಳಿ ಸೊಂಟ ದಾಟಿ ಪಕ್ಕೆಗೆ ಏರಿತ್ತು. ಬಾಚಲೆ ಹಗಲೆಲ್ಲ ಗೋಡೆಯ ಬುಡದಲ್ಲಿ ಕೂತು ಕಡಲನಾಡಿನ ಜೋಗುಳ ಹಾಡುತ್ತಿದ್ದಳು. ಕಾಯುತ್ತ ಕಾಯುತ್ತ ಅವಳಿಗೆ ಕನಸು ಯಾವುದು, ಎಚ್ಚರ ಯಾವುದು ತಿಳಿಯದಾಯಿತು. ಮಣ್ಣಿನೊಳಗಿಂದ ಅಲೆಗಳ ಸದ್ದು ಕೇಳಿದಂತಾಗುತ್ತಿತ್ತು.

ಒಂದು ದಿನ ತರಗೆಲೆ ಸರಿಸಿದಾಗ ಗಿಣಿಮರಿಯ ಕೊಕ್ಕಿನಂಥ ಕೆಂಪು ಮೊಳಕೆ ಕಂಡಿತು. ಅವಳು ಕೂಗಲಿಲ್ಲ, ಉಸಿರೂ ಬಿಡಲಿಲ್ಲ. ಮೆಲ್ಲಗೆ ಹೋಗಿ ಅತ್ತೆಯ ಕೈ ಹಿಡಿದು ಕರೆತಂದು ತೋರಿಸಿದಳು.

ಆಮೇಲೆ ಬಳ್ಳಿಯನ್ನು ಹಿಡಿಯುವವರಿರಲಿಲ್ಲ. ಹಳೆಯ ಕಪ್ಪು ಕಾಂಡವನ್ನೇ ಏಣಿ ಮಾಡಿಕೊಂಡು ಗೋಡೆ ಏರಿತು, ಸೂರು ಏರಿತು. ಮಳೆಗಾಲ ಮುಗಿಯುವಾಗ ಒಂದು ಮುಂಜಾನೆ ಗೋಡೆಯೆಲ್ಲ ಬಿಳಿಯ ನಕ್ಷತ್ರಗಳಾಗಿ ಅರಳಿತು.

ಕಂಪು ಕಿಟಕಿಯೊಳಗೆ ಹೋಯಿತು. ಎದೆಯ ಹೊಸ್ತಿಲಲ್ಲಿ ನಿಂತಿದ್ದ ಚಳಿ ಹಿಂದೆ ಸರಿದು, ಸೊಂಟ, ಮೊಳಕಾಲು, ಪಾದ ದಾಟಿ ನೆಲಕ್ಕಿಳಿದು ನೀರಾಗಿ ಹರಿಯಿತು. ಇರುಗ ಕಣ್ಣು ಮಿಟುಕಿಸಿದ.

“ಬಾಚಲೆ, ಯಾಕಿಷ್ಟು ಸೊರಗಿದ್ದೀ? ಯಾರೂ ನಿನಗೆ ಊಟ ಹಾಕಲಿಲ್ಲವೇ?”

ಅವಳು ನಗುತ್ತ ಅತ್ತಳು.

ಕಂಪು ಬೆಟ್ಟವನ್ನೂ ಏರಿತು. ಹರಳಾಗಿದ್ದ ಹಕ್ಕಿಗಳು ರೆಕ್ಕೆ ಬಡಿದವು. ಕಲ್ಲಾಗಿದ್ದ ಹಳ್ಳಗಳು ಹರಿದವು. ಮಲಗಿದ್ದ ಹೆಪ್ಪುಗಣ್ಣ ಒಂದೇ ಉಸಿರು ಎಳೆದುಕೊಂಡ. ಅವನ ಕಣ್ಣುಗಳು ಕರಗಿ ಕೆನ್ನೆಯ ಮೇಲೆ ಹರಿದವು. ಹರಿಯುತ್ತ ಹರಿಯುತ್ತ ಅವನೂ ಕರಗಿ ತೊರೆಯಾದ. ಆ ತೊರೆ ಬೆಟ್ಟ ಇಳಿದು ಗದ್ದೆಗಳಿಗೆ ನೀರಾಯಿತು.

ಇರುಗ ಬಾಚಲೆಯರು ಬಹುಕಾಲ ರಾಜ್ಯವಾಳಿದರು. ಪದುಮಲೆ ರಾಣಿ ಮೊಮ್ಮಕ್ಕಳಿಗೆ ಅಗೆಯುವುದನ್ನೂ ಕಾಯುವುದನ್ನೂ ಕಲಿಸಿದಳು. ಇಬ್ಬನಿಗಿರಿಯ ಮನೆಮನೆಯ ತೆಂಕುಗೋಡೆಗೂ ಒಂದೊಂದು ಬಳ್ಳಿ ಹಬ್ಬಿತು. ಅವರು ಅಲ್ಲಿ ಬೆಚ್ಚಗೆ ಬಾಳಿದರು. ಕತೆ ಕೇಳಿದ ನಿಮ್ಮ ಹೊಟ್ಟೆ ತಣ್ಣಗಿರಲಿ.