ಪಕ್ಕದ ಸೀಟಿನ ಗಂಟು

"ಮೊದಲು ಇಳೀರಿ ಕೆಳಗೆ!"

ಅವಳು ಅವನಿಗೆ ಆಡಿದ ಮೊದಲ ಮಾತು ಇದು. ಎಂಥಾ ಚೆಂದದ ಸ್ವಾಗತ ನೋಡಿ!

ಅಂಗಡಿ ಬಾಗಿಲಿಗೆ ಬಂದು ನಿಂತಿದ್ದ ಎರಡೇ ಸೀಟಿನ ಹಳೆಯ ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ ಅವನು ಮೊಣಕಾಲು ಮಡಚಿಕೊಂಡು ಕೂತಿದ್ದ. ಮುಖದ ತುಂಬ ನಗು.

"ನಮಸ್ಕಾರ, ನಾನು ಈ ಬೀದಿ ಕೊನೇಲಿರೋ ಕನ್ನಡಕದಂಗಡಿ..."

"ನಮಸ್ಕಾರ ಆಮೇಲೆ ಹೇಳೋರಂತೆ. ಹೊಲಿಗೆ ಬಿಟ್ಟಿರೋ ಸೀಟಿನ ಮೇಲೆ ಹಾಗೆ ಅಲ್ಲಾಡ್ತಾ ಕೂತ್ರೆ ಇರೋ ಚರ್ಮಾನೂ ಹರಿದುಹೋಗುತ್ತೆ. ಇಳೀರಿ ಅಂದೆ!"

ಅವನು ಇಳಿದ. ಮೊದಲು ಒಂದು ಕಾಲು, ಆಮೇಲೆ ತಲೆ, ಕೊನೆಗೆ ಉಳಿದದ್ದು. ಅಷ್ಟು ಗಿಡ್ಡ ಕಾರು, ಅಷ್ಟು ಉದ್ದದ ಮನುಷ್ಯ! ಅವಳು ತುಟಿ ಕಚ್ಚಿ ನಗು ತಡೆದಳು.

ಒಳಗಿನಿಂದ ಅಪ್ಪನ ದನಿ ಕೇಳಿತು. "ಯಾರೇ ಅದು? ಗಿರಾಕಿನಾ, ಶತ್ರುನಾ?"

"ಗಿರಾಕಿ ಅಪ್ಪಾ!"

"ಹಾಗಾದ್ರೆ ಸ್ವಲ್ಪ ಮೆತ್ತಗೆ ಮಾತಾಡೇ!"

ಕಾರುಗಳಿಗೆ ಸೀಟು ಹೊಲಿಯುವ ಆ ಅಂಗಡಿ ಅಪ್ಪನದು. ಕೈ ನಡುಗಲು ಶುರುವಾದ ಮೇಲೆ ಅಪ್ಪ ದಬ್ಬಣವನ್ನು ಮಗಳಿಗೆ ಕೊಟ್ಟು ತಾವು ಒಂದೇ ಕೆಲಸ ಇಟ್ಟುಕೊಂಡಿದ್ದರು. ಸಿದ್ಧವಾದ ಪ್ರತಿ ಸೀಟಿನ ಮೇಲೂ ಕೂತು ಒಂದು ಲೋಟ ಚಹಾ ಕುಡಿಯುವುದು! ಚಹಾ ಮುಗಿಯುವವರೆಗೆ ಬೆನ್ನಿಗೆ ಎಲ್ಲೂ ಚುಚ್ಚದಿದ್ದರೆ ಮಾತ್ರ ಸೀಟು ಹೊರಗೆ ಹೋಗಬೇಕು. ಆ ಅಂಗಡಿಯಲ್ಲಿ ಇದೇ ಕಾಯಿದೆ.

ಕನ್ನಡಕದವನ ಸೀಟೂ ಚಹಾ ಪರೀಕ್ಷೆಯಲ್ಲಿ ಪಾಸಾಗಿಯೇ ಹೋಯಿತು. ಆದರೆ ಸ್ವಲ್ಪ ದಿನಕ್ಕೇ ಅವನು ಮತ್ತೆ ಹಾಜರು.

"ಹೊಲಿಗೆ ಬಿಚ್ಕೊಂಡ್ಬಿಡ್ತು ರೀ..."

ಅವಳು ದಾರದ ತುದಿ ನೋಡಿದಳು. ತಾನಾಗಿ ಕಿತ್ತ ದಾರ ನಾರುನಾರಾಗಿರುತ್ತದೆ. ಇದು ಬ್ಲೇಡಿನಿಂದ ಕೊಯ್ದ ಹಾಗೆ ನೀಟಾಗಿತ್ತು! ಅವಳಿಗೆ ಎಲ್ಲಾ ಅರ್ಥವಾಯಿತು. ಆದರೂ ಬಾಯಿ ಬಿಡಲಿಲ್ಲ.

'ಬರಲಿ ಬಿಡು...' ಎಂದಿತು ಮನಸ್ಸು.

ಅವನು ಬಂದ. ಮತ್ತೆ ಮತ್ತೆ ಬಂದ. ಅವಳು ಹೊಲಿಯುವಾಗ ಎದುರಿನ ಸ್ಟೂಲಿನ ಮೇಲೆ ಕೂತು ತನ್ನ ಕಾರಿನ ಪುರಾಣ ಬಿಚ್ಚುತ್ತಿದ್ದ. ಇಂಥದ್ದೇ ಕಾರಿಗಾಗಿ ಎಷ್ಟು ವರ್ಷ ಹುಡುಕಿದ್ದು, ಕೊನೆಗೆ ಒಂದು ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ಕೆಂಪು ಮೂತಿ ಕಂಡಾಗ ಕಣ್ಣಲ್ಲಿ ನೀರು ಬಂದಿದ್ದು, ಕೊಂಡ ದಿನವೇ ಅದು ನಡುರಸ್ತೆಯಲ್ಲಿ ಕೈ ಕೊಟ್ಟಿದ್ದು...

"ಮಳೆ ಬಂದ್ರೆ ಟಾಪ್ ಸೋರುತ್ತೆ. ಬಿಸಿಲಿಗೆ ಇಂಜಿನ್ ಕಾಯುತ್ತೆ. ಆದ್ರೂ ಬಿಟ್ಟಿರಕ್ಕಾಗಲ್ಲ ನೋಡಿ."

"ಕಾರಿನ ಮೇಲೆ ಅಷ್ಟೊಂದು ಪ್ರೀತಿನಾ?"

"ನಿಮಗೆ ಹೊಟ್ಟೆಕಿಚ್ಚಾ?"

"ನಂಗ್ಯಾಕ್ರೀ!" ಎಂದಳು ಅವಳು. ಕೆನ್ನೆ ಮಾತ್ರ ಬಿಸಿಯಾಗಿತ್ತು.

ನಿಜವಾದ ಹೊಟ್ಟೆಕಿಚ್ಚು ಏನೆಂದು ಗೊತ್ತಾಗಿದ್ದು ಇನ್ನೊಂದು ಮಧ್ಯಾಹ್ನ.

ಅಂಗಡಿಯ ಮುಂದೆ ಆ ಕಾರು ನಿಂತಿತ್ತು, ಅವನು ಒಳಗೆ ಅಪ್ಪನ ಮೂಗಿಗೆ ಕನ್ನಡಕ ಸರಿಮಾಡುತ್ತಿದ್ದ. ಬೀದಿಯಲ್ಲಿ ಬಂದವಳೊಬ್ಬಳು ಕಾರಿನ ಬಾನೆಟ್ ಸವರಿದಳು. ಸೊಂಪಾದ ಕೂದಲು, ಸಾಲಾಗಿ ಹೊಳೆಯುವ ಹಲ್ಲು. ಯಾರನ್ನೂ ಕೇಳಲಿಲ್ಲ. ತನ್ನದೇ ಬ್ಯಾಗಿನಿಂದ ಕೀ ತೆಗೆದಳು, ಕೂತಳು, ಸ್ಟಾರ್ಟ್ ಮಾಡಿ ಹೊರಟೇಹೋದಳು!

ಅವನು ಬಾಗಿಲಿಗೆ ಓಡಿಬಂದ. ಕೂಗುತ್ತಾನೆ ಅಂದುಕೊಂಡರೆ, ಖುಷಿಯಾಗಿ ಕೈ ಬೀಸುತ್ತಿದ್ದ!

"ಯಾರದು?" ದನಿ ಸಹಜವಾಗಿರಲಿ ಎಂದು ಅವಳು ಬಹಳ ಪ್ರಯತ್ನಪಟ್ಟಳು.

"ಹಲ್ಲಿನ ಡಾಕ್ಟರು. ತುಂಬ ಒಳ್ಳೆಯೋರು."

ಅಷ್ಟೇ. ಆಮೇಲೆ ಇಂಜಿನ್ ಸದ್ದು ಕರಗುವವರೆಗೂ ತಿರುವಿನ ಕಡೆಗೇ ಕಿವಿಗೊಟ್ಟು ನಿಂತುಬಿಟ್ಟ. ಅವನು ಕೇಳುತ್ತಿದ್ದದ್ದು ಇಂಜಿನ್ನನ್ನು. ಅವಳಿಗೆ ಕಂಡದ್ದು ಬೇರೆಯೇ.

'ಕೀ ಕೊಟ್ಟಿದ್ದಾನೆ... ಕೀ! ನಂಗೆ ಒಂದು ದಿನಾನೂ ಆ ಪಕ್ಕದ ಸೀಟಲ್ಲಿ ಕೂತ್ಕೋ ಅಂದಿಲ್ಲ. ನಾನು ಬರೀ ಹೊಲಿಯೋಳು...'

ಆ ಸಂಜೆ ಅವಳು ಬೆರಳಿಗೆ ದಬ್ಬಣ ಚುಚ್ಚಿಕೊಂಡಳು. ಅಪ್ಪನ ಚಹಾಕ್ಕೆ ಸಕ್ಕರೆ ಮರೆತಳು. ಕನ್ನಡಿ ಮುಂದೆ ನಿಂತು ತನ್ನ ಹಲ್ಲು ನೋಡಿಕೊಂಡಳು. ಒಂದು ಹಲ್ಲು ಸ್ವಲ್ಪ ಸೊಟ್ಟ. ಅದೇ ಹಲ್ಲು ನೋಡಿ ಅವನು ಒಮ್ಮೆ "ನೀವು ನಕ್ಕರೆ ಚೆಂದ" ಎಂದಿದ್ದನಲ್ಲ, ಸುಳ್ಳ!

ಉರಿಯುವ ಬೆಂಕಿಗೆ ತುಪ್ಪ ಸುರಿಯಲು ಮರುವಾರ ಅವನೇ ಬಂದ.

"ಪಕ್ಕದ ಸೀಟು ಪೂರ್ತಿ ಹೊಸದಾಗಿ ಮಾಡ್ಕೊಡಿ. ಒಬ್ಬರಿಗೆ ಅಂತ... ಅವರಿಗೆ ಮೊದಲೇ ಗೊತ್ತಾಗಬಾರದು."

ಅವಳು ಅಳತೆಯ ಟೇಪು ಎಳೆದುಕೊಂಡಳು. "ಅಳತೆ?"

"ನೀವೇ ಕೂತು ನೋಡಿ ಮಾಡಿ. ಅವರೂ ನಿಮ್ಮಷ್ಟೇ ಎತ್ತರ. ದಿನವಿಡೀ ಬಗ್ಗಿ ಕೆಲಸ ಮಾಡಿ ಸೊಂಟನೋವು ಅವರಿಗೆ. ಅಲ್ಲಿಗೆ ಸ್ವಲ್ಪ ಆಸರೆ ಇರಲಿ." ಹೇಳುವಾಗ ಅವನ ಕಿವಿ ಕೆಂಪಾಗಿತ್ತು.

ದಿನವಿಡೀ ಬಗ್ಗಿ ಕೆಲಸ ಮಾಡುವವರು ಯಾರು? ಜನರ ಬಾಯಿಯೊಳಗೆ ಇಣುಕುವ ಹಲ್ಲಿನ ಡಾಕ್ಟರು! ಅವಳ ಲೆಕ್ಕ ಮುಗಿಯಿತು. ಪ್ರತಿ ಸಂಜೆ ಸೊಂಟ ಹಿಡಿದುಕೊಂಡು "ಅಮ್ಮಾ" ಎನ್ನುತ್ತ ಏಳುವವಳು ಇನ್ನೊಬ್ಬಳಿದ್ದಾಳೆ ಎಂಬುದು ನಿಮಗೆ ಹೊಳೆದಿದೆ, ನನಗೂ ಹೊಳೆದಿದೆ. ಹೊಟ್ಟೆಯಲ್ಲಿ ಕಿಚ್ಚು ಹತ್ತಿದವಳಿಗೆ ಹೇಗೆ ಹೊಳೆಯಬೇಕು!

ಆದರೂ ಕೈ ಕಲಿತ ಕೆಲಸ ಕೆಟ್ಟದಾಗಿ ಬರಲಿಲ್ಲ. ಸೀಟು ಮುಗಿಯುತ್ತಾ ಬಂದಾಗ ಅವಳು ಕೂತು ನೋಡಿದಳು. ಅಬ್ಬಾ... ಸೊಂಟವನ್ನು ಯಾರೋ ಅಂಗೈಯಲ್ಲಿ ಹಿಡಿದ ಹಾಗಿತ್ತು. ನೋವೆಲ್ಲ ಮಾಯ!

'ಈ ಸುಖ ಅವಳಿಗಾ?'

ಆಗಲೇ ಅವಳು ಆ ತಪ್ಪು ಮಾಡಿದ್ದು. ದಪ್ಪ ಸುತಳಿ ಸುತ್ತಿ ಸುತ್ತಿ ಬಿಗಿಯಾದ ಒಂದು ಗಂಟು ಮಾಡಿ, ಸರಿಯಾಗಿ ಸೊಂಟ ಒರಗುವ ಜಾಗದಲ್ಲಿ, ಚರ್ಮದ ಒಳಗೆ ಇಟ್ಟು ಹೊಲಿದುಬಿಟ್ಟಳು.

ಅಪ್ಪ ಚಹಾ ಲೋಟ ಹಿಡಿದು ಬಂದರು. "ತಾ, ಕೂತ್ಕೋತೀನಿ."

"ಬೇಡಪ್ಪಾ... ಅವರಿಗೆ ಅರ್ಜೆಂಟಂತೆ. ನಾನೇ ಕೂತು ನೋಡಿದೀನಿ."

ಅಪ್ಪ ಒಮ್ಮೆ ಸೀಟಿನ ಕಡೆ ನೋಡಿದರು. ಲೋಟ ಹಿಡಿದುಕೊಂಡು ಹಾಗೇ ತಮ್ಮ ಕುರ್ಚಿಗೆ ಮರಳಿದರು. ಆ ಬೆನ್ನನ್ನೇ ನೋಡುತ್ತ ಅವಳು ದಬ್ಬಣ ಕೆಳಗಿಟ್ಟಳು. ಆದರೂ ಸಂಜೆಗೆ ಸೀಟು ಹೋಗಿಯೇಬಿಟ್ಟಿತು.

ಭಾನುವಾರ ಬೆಳಿಗ್ಗೆ ಹಳೇ ಕಾರುಗಳವರೆಲ್ಲ ಸಾಲಾಗಿ ಊರ ಹೊರಗೆ ಸುತ್ತಾಡಿ ಬರುವ ದಿನ. ಕೆಂಪು ಕಾರು ಟಾಪ್ ಮಡಚಿಕೊಂಡು ಅಂಗಡಿ ಮುಂದೆ ನಿಂತಿತು. ಪಕ್ಕದ ಸೀಟು ಖಾಲಿ.

"ಬನ್ನಿ, ಹತ್ತಿ."

"ನಾನಾ? ಡಾಕ್ಟರು ಬರಲ್ವಾ?"

"ಅವರ್ಯಾಕೆ ಬರ್ತಾರೆ?"

"ಅವರ ಹತ್ರ ಕೀ ಇದೆಯಲ್ಲ!" ತಡೆದರೂ ಬಾಯಿಂದ ಬಂದೇಬಿಟ್ಟಿತು.

ಅವನು ಕಣ್ಣರಳಿಸಿದ. "ನಾನು ಹೇಳೇ ಇಲ್ವಾ? ಈ ಗಾಡಿ ಮಾರಿದ್ದೇ ಅವರು ರೀ! ನಮ್ಮ ಗುಂಪಲ್ಲಿ ಒಂದು ರೂಢಿ ಇದೆ. ಮಾರಿದೋರ ಹತ್ರ ಒಂದು ಕೀ ಉಳಿಯುತ್ತೆ. ನೆನಪಾದಾಗ ಬಂದು ಒಂದು ಸುತ್ತು ಹೋಗಬಹುದು. ಕೊಂಡೋರು ಬೇಡ ಅನ್ನೋ ಹಾಗಿಲ್ಲ. ಅವರ ಯಜಮಾನರು, ಮಕ್ಕಳು ಯಾರೂ ಇದರಲ್ಲಿ ಕೂರಲ್ವಂತೆ, ಪಾಪ."

ಯಜಮಾನರು... ಮಕ್ಕಳು...

"ಮತ್ತೆ... ಈ ಸೀಟು?"

"ದಿನಾ ಸಂಜೆ ಸೊಂಟ ಹಿಡ್ಕೊಂಡು ಏಳೋರು ಯಾರು?" ಅವನ ಕಿವಿ ಮತ್ತೆ ಕೆಂಪಾಯಿತು. "ಹರಕು ಸೀಟಲ್ಲಿ ಕೂತ್ಕೊಳ್ಳಿ ಅನ್ನಕ್ಕೆ ಮನಸ್ಸು ಬರಲಿಲ್ಲ. ಅದಕ್ಕೇ ಕಾದೆ."

ಅವಳು ಹೇಗೆ ಹತ್ತಿ ಕೂತಳೋ ಅವಳಿಗೇ ಗೊತ್ತಿಲ್ಲ. ಕೂತ ಕೂಡಲೇ... ಚುಳ್!

ಗಂಟು!

ಕಾರು ಹೊರಟಿತು. ಪ್ರತಿ ಉಬ್ಬಿಗೂ ಒಂದು ತಿವಿತ. ಅವಳ ಕಣ್ಣಲ್ಲಿ ನೀರು ತುಂಬಿತು.

"ಅಳ್ತಿದೀರಾ? ಅಷ್ಟು ಇಷ್ಟವಾಯ್ತಾ?" ಅವನ ದನಿಯಲ್ಲಿ ಎಷ್ಟು ಸಂತೋಷ!

'ಸುಮ್ಮನಿದ್ದುಬಿಡಲಾ? ನಾಳೆ ಏನೋ ನೆಪ ಹೇಳಿ ಬಿಚ್ಚಿ ತೆಗೆದರೆ ಯಾರಿಗೆ ಗೊತ್ತಾಗುತ್ತೆ?' ಆದರೆ ಚಹಾ ಲೋಟ ಹಿಡಿದು ಮರಳಿದ ಅಪ್ಪನ ಬೆನ್ನು ಕಣ್ಣಿಗೆ ಕಟ್ಟಿತು.

"ನಿಲ್ಸಿ!"

ಅವನು ಗಾಬರಿಯಿಂದ ಬದಿಗೆ ನಿಲ್ಲಿಸಿದ. ಮುಂದಿನ ಕಾರುಗಳು ದೂರವಾದವು.

"ಈ ಸೀಟಲ್ಲಿ ಗಂಟು ಇದೆ. ಬೇಕಂತಲೇ ಇಟ್ಟೆ. ಡಾಕ್ಟರಿಗೆ ಚುಚ್ಚಲಿ ಅಂತ. ಅಪ್ಪನ್ನೂ ಕೂರಕ್ಕೆ ಬಿಡಲಿಲ್ಲ." ಅವಳು ಅವನ ಮುಖ ನೋಡಲಿಲ್ಲ. "ಇಂಥ ಕೆಟ್ಟ ಕೆಲಸ ಯಾವತ್ತೂ ಮಾಡಿಲ್ಲ ನಾನು. ಇನ್ನು ನನ್ನ ಹತ್ರ ಹೊಲಿಸಬೇಡಿ..."

ಅವನು ಇಂಜಿನ್ ಆರಿಸಿದ.

"ಅಂದ್ರೆ..." ಅವನು ನಿಧಾನವಾಗಿ ಕೇಳಿದ. "ನಿಮಗೆ ಹೊಟ್ಟೆಕಿಚ್ಚಾಯ್ತಾ? ನನ್ನ ಸಲುವಾಗಿ?"

"ಹೌದು! ಉರಿದು ಬೂದಿಯಾಗಿದೀನಿ, ಸಾಕಾ?"

ಅವನು ನಕ್ಕ. ಎಷ್ಟು ನಕ್ಕನೆಂದರೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳಬೇಕಾಯಿತು. "ನಾನೂ ಒಂದು ತಪ್ಪು ಹೇಳ್ಬೇಕು. ಆವತ್ತು ಹೊಲಿಗೆ ಬಿಚ್ಕೊಂಡಿತು ಅಂದ್ನಲ್ಲ..."

"ಬ್ಲೇಡಲ್ಲಿ ಕೊಯ್ದಿದ್ದು."

"ಗೊತ್ತಿತ್ತಾ!"

"ದಾರ ನೋಡಿದ ತಕ್ಷಣ."

"ಅಷ್ಟು ಗೊತ್ತಿದ್ದೂ ಡಾಕ್ಟರ ಮೇಲೆ ಸಂಶಯಾನಾ? ನಿನಗೊಂದು ಒಳ್ಳೆ ಕನ್ನಡಕ ಬೇಕು ಕಣೇ."

ನಿನಗೆ... ಕಣೇ... ಆ ಎರಡು ಮಾತಿಗೆ ಅವಳ ಸೊಂಟನೋವು ಎಲ್ಲಿ ಹೋಯಿತೋ!

ಅವನು ಇಳಿದು ಸುತ್ತಿ ಬಂದು ಅವಳ ಕಡೆಯ ಬಾಗಿಲು ತೆರೆದ. ಕೀ ತೆಗೆದು ಅವಳ ಅಂಗೈಯಲ್ಲಿಟ್ಟ.

"ನೀನು ಓಡಿಸು. ಅಲ್ಲಿ ನಾನು ಕೂರ್ತೀನಿ."

"ಬೇಡ, ಚುಚ್ಚುತ್ತೆ!"

"ನನಗೋಸ್ಕರ ಹಾಕಿದ ಗಂಟು. ನಾನೇ ಅನುಭವಿಸ್ತೀನಿ. ಅಂಗಡಿಗೆ ಹೋಗಿ ಬಿಚ್ಚೋಣ, ಅಪ್ಪ ಕೂತು ಚಹಾ ಕುಡೀಲಿ. ಅವರು ಪಾಸು ಮಾಡಿದ ಮೇಲೆ ಅವರ ಹತ್ರ ಇನ್ನೊಂದು ಮಾತು ಕೇಳೋದಿದೆ ನನಗೆ."

ಯಾವ ಮಾತು ಎಂದು ಅವಳು ಕೇಳಲಿಲ್ಲ. ಕೀ ಬೆಚ್ಚಗಿತ್ತು. ಗಾಡಿ ತಿರುಗಿಸಿ ಅಂಗಡಿಯ ದಾರಿ ಹಿಡಿದಳು.

"ಇದಕ್ಕೆ ಇರೋದು ಎರಡೇ ಕೀ," ಎಂದನವನು. "ಒಂದು ಡಾಕ್ಟರ ಹತ್ರ, ಒಂದು ನಿನ್ನ ಹತ್ರ. ಇನ್ನು ನಾನೇನು ಮಾಡ್ಲಿ?"

"ಎಲ್ಲಿಗಾದ್ರೂ ಹೋಗ್ಬೇಕಾದ್ರೆ ನನ್ನನ್ನ ಕೇಳಿ."

"ಯಾವಾಗ್ಲೂ?"

"ಯಾವಾಗ್ಲೂ."

ಕಾರು ಒಂದು ಉಬ್ಬು ಹತ್ತಿಳಿಯಿತು.

"ಅಯ್ಯೋ ಅಮ್ಮಾ!"

"ಪಾಪ... ತುಂಬ ನೋವಾಯ್ತಾ?" ಎನ್ನುತ್ತಾ ಅವಳು ಒಂದು ಕೈಯನ್ನು ಅವನ ಬೆನ್ನ ಹಿಂದೆ, ಸರಿಯಾಗಿ ಗಂಟಿನ ಮೇಲೆ ಅಡ್ಡ ಇಟ್ಟಳು.

"ಈಗ ಇಲ್ಲ," ಎಂದನವನು. "ಆದ್ರೆ ಕೈ ತೆಗೀಬೇಡ."

"ಗೇರ್ ಯಾರು ಹಾಕ್ತಾರೆ?"

"ಅದು ನಾನು ಹಾಕ್ತೀನಿ. ನೀನು ದಾರಿ ನೋಡು."