ಹಿಡಿಯದ ಸ್ಟಾರ್ಟರ್ ಕ್ಲಚ್

"ನನ್ನ ಮಾವಗ ನನ್ನ ಮಾರಿಬಿಟ್ಟೆಲ್ಲೋ, ಬಾಡ್ಯಾ!"

ಮಹಾನಂದಾ ಬೀಸಿದ ಪಾನಾ, ಆ ದಪ್ಪ ಸ್ಪ್ಯಾನರು, ಹುಲಿಗೇಶನ ಭುಜಕ್ಕೆ ಬಡಿಯಿತು. ಅಣ್ಣಿಗೇರಿಯ ತನ್ನ ಗ್ಯಾರೇಜಿನಲ್ಲಿ ಚಹಾ ಕುಡಿಯುತ್ತಿದ್ದ ಮೆಕ್ಯಾನಿಕ್ ಗೋಡೆಗೆ ಹೋಗಿ ಬಿದ್ದ.

ಅವಳ ತುಟಿ ಒಡೆದಿತ್ತು, ತೋಳಿನ ಬಟ್ಟೆ ಹರಿದಿತ್ತು. ಎರಡು ಓಣಿ ದೂಡಿಕೊಂಡು ತಂದ ಆಫ್‌ರೋಡ್ ಬೈಕು ಬಾಗಿಲಲ್ಲಿ ನಿಂತಿತ್ತು.

ಅವಳ ಸೋದರಮಾವ ಸಂಗನಬಸವ ನಾಳೆಯೇ ಅವಳಿಗೆ ತಾಳಿ ಕಟ್ಟುವವನು. "ಅಕ್ಕನ ಮಗಳ ಮ್ಯಾಲೆ ನನ್ನ ಹಕ್ಕ ಐತಿ. ಅಕಿನ್ನ ಏನ್ ಕೇಳೂದು?" ಎಂದು ಲಗ್ನ ಗೊತ್ತುಮಾಡಿದ ಮಹಾಶಯ!

ಇಂದು ಬೆಳಿಗ್ಗೆ ಧಾರವಾಡಕ್ಕೆ ಓಡಿಹೋಗಲು ಅವಳು ಬೈಕ್ ಹತ್ತಿದಾಗ ಸೆಲ್ಫ್ ಬರೀ ಕಿರ್ರೆಂದಿತು... ಇಂಜಿನ್ ತಿರುಗಲೇ ಇಲ್ಲ. ಎರೆಮಣ್ಣಿನ ಕೆಸರಿನಲ್ಲಿ ದೂಡಿ ಚಾಲೂ ಮಾಡುವ ಮಾತೇ ಇರಲಿಲ್ಲ. ಮಾವ ಜಡೆ ಹಿಡಿದು ಎಳೆದು, ಅಂಗಳದಲ್ಲಿ ಕೆಡವಿ ಒದ್ದ. ಅಲ್ಲೇ ಕುಟ್ಟಿಟ್ಟಿದ್ದ ಖಾರಪುಡಿಯನ್ನು ಅವನ ಕಣ್ಣಿಗೆ ಎರಚಿ ಬಂದಿದ್ದಳು ಇವಳು.

ಸೆಲ್ಫ್ ಒತ್ತಿದಾಗ ಇಂಜಿನ್ನನ್ನು ಹಿಡಿದು ತಿರುಗಿಸುವ ಸ್ಟಾರ್ಟರ್ ಕ್ಲಚ್ಚನ್ನು ನಿನ್ನೆಯಷ್ಟೇ ರಿಪೇರಿ ಮಾಡಿದವನು ಹುಲಿಗೇಶ. ಅನುಮಾನ ಮತ್ಯಾರ ಮೇಲೆ ಬರಬೇಕು?

'ಚಲೋ ಮನಶ್ಯಾ ಅಂದ್ಕೊಂಡಿದ್ನಲ್ಲ...' ಮತ್ತೆ ಪಾನಾ ಎತ್ತಿದಳು.

"ಹೊಡೀರಿ. ಆದ್ರ ಮೊದ್ಲ ಬಿಚ್ಚಿ ನೋಡೂಣು," ಎಂದ ಅವನು.

ಬೈಕನ್ನು ಒಳಗೆ ತಂದು, ಪೆಟ್ಟು ಬೀಳದ ಒಂದೇ ಕೈಯಲ್ಲಿ ಷಟರ್ ಕೆಳಗೆಳೆದ. ಇಂಜಿನ್ನಿನ ಕವರ್ ಬಿಚ್ಚಿ ಮ್ಯಾಗ್ನೆಟ್ ಚಕ್ರ ತೆಗೆದ. ಹಿಂದಿದ್ದ ಕ್ಲಚ್ಚಿನ ರೋಲರುಗಳಿಗೆಲ್ಲ ದಪ್ಪನೆಯ ಗ್ರೀಸು ಮೆತ್ತಿಕೊಂಡಿತ್ತು.

"ಗ್ರೀಸ್ ಹಚ್ಚಿದ್ರ ಇವು ಹಿಡಿಯೂದಿಲ್ರಿ, ಜಾರತಾವು. ಯಾರ ಹಚ್ಚಿದ್ರು?"

ಮಹಾನಂದಾ ತನ್ನ ಬೆರಳು ನೋಡಿಕೊಂಡಳು. ನಿನ್ನೆ ಅವನು ಕವರಿನಡಿ ಹಾಕುವ ಪ್ಯಾಕಿಂಗ್ ತರಲು ಅಂಗಡಿಗೆ ಹೋದಾಗ ಬಿಚ್ಚಿಟ್ಟ ಕ್ಲಚ್ಚು ಒಣಒಣ ಕಂಡಿತ್ತು. ಚಕ್ಕಡಿಯ ಗಾಲಿಗೆ ಕೀಲೆಣ್ಣೆ ಹಾಕುತ್ತ ಬೆಳೆದವಳಿಗೆ ಸುಮ್ಮನಿರಲಾಗಲಿಲ್ಲ. ಡಬ್ಬಿಯಿಂದ ಬೆರಳ ತುಂಬ ತೆಗೆದು ಚೆನ್ನಾಗಿ ತಿಕ್ಕಿದ್ದಳು!

"ನಾನ... ನಾನ ಹಚ್ಚಿದ್ನ್ರಿ." ಪಾನಾ ಕೆಳಗಿಳಿಯಿತು. ನಾಚಿಕೆಗೆ ಅಳುವೇ ಬಂತು.

"ತಪ್ಪ ನಂದೂ ಐತ್ರಿ. ಕೂಡಿಸುವಾಗ ನೋಡಬೇಕಿತ್ತು." ರೋಲರುಗಳನ್ನು ಪೆಟ್ರೋಲಿನಲ್ಲಿ ಅದ್ದಿ ತೊಳೆಯುತ್ತ ಅವನು ತಲೆ ತಗ್ಗಿಸಿದ. "ನಾ ನಿಮ್ಮನ್ನ ನೋಡಾಕತ್ತಿದ್ದೆ..."

ಇದನ್ನು ಹೇಳಲು ಈ ಮನುಷ್ಯನಿಗೆ ಇದೇ ಹೊತ್ತು ಸಿಗಬೇಕೆ! ಅವನು ಎಲ್ಲ ಕೂಡಿಸಿ ಕವರಿಗೆ ಬೋಲ್ಟ್ ಹಾಕತೊಡಗಿದ.

ಧಡಾರ್!

ಷಟರ್ ಮೇಲೆದ್ದಿತು. ಕೆಂಪು ಕಣ್ಣಿನ ಸಂಗನಬಸವ, ಕೈಯಲ್ಲಿ ಬಡಿಗೆ! ಜೊತೆಗೊಬ್ಬ ದಾಂಡಿಗ.

"ಇವನ ಸಲುವಾಗಿ ಓಡಿ ಬಂದೇನಬೇ?"

ಬಡಿಗೆ ಹುಲಿಗೇಶನ ತಲೆಗೆ ಬಿತ್ತು. ರಕ್ತ ಹುಬ್ಬು ದಾಟಿ ಕಣ್ಣಿಗಿಳಿಯಿತು. ಆದರೂ ಅವನು ಕವರಿನ ಬೋಲ್ಟ್ ಬಿಗಿಯುವುದನ್ನು ಬಿಡಲಿಲ್ಲ, ಹುಚ್ಚ! ಎರಡನೆಯ ಏಟಿಗೆ ಬಡಿಗೆ ಮೇಲೇಳುತ್ತಲೇ ಮಹಾನಂದಾ ಮಾವನ ಮಣಿಕಟ್ಟಿಗೆ ಪಾನಾ ಬೀಸಿದಳು. ಎಲುಬು ಲಟಕ್ಕೆಂದಿತು.

"ಒಂದ ಸಲಾನರ ನನ್ನ ಕೇಳಿದ್ಯಾ ಮಾವಾ? ಒಂದ ಸಲಾನರ?"

ಮಾವ ಕೈ ಹಿಡಿದು ಕಿರುಚುತ್ತ ಕುಸಿದ. ದಾಂಡಿಗ ಅವಳ ಕುತ್ತಿಗೆ ಅಮುಕಿದ. ಹುಲಿಗೇಶ ಅವನ ಸೊಂಟಕ್ಕೆ ಒದ್ದು ಟೈರುಗಳ ಮೇಲೆ ಕೆಡವಿದ. ಸೆಲ್ಫ್ ಒತ್ತಿದ.

ಈ ಸಲ ಹಿಡಿಯಿತು! ಇಂಜಿನ್ ಗುಡುಗಿತು.

"ಹೋಗ್ರಿ! ನಾ ಇವ್ರನ್ನ ತಡೀತೇನಿ!"

ದಾರಿ ತೆರೆದಿತ್ತು. ಧಾರವಾಡ, ಬಿಡುಗಡೆ, ಎಲ್ಲ ಕಣ್ಣೆದುರಿಗಿತ್ತು. ಆದರೆ ಬಿಟ್ಟುಹೋದರೆ ಇವನನ್ನು ಕೊಂದೇ ಹಾಕುತ್ತಾರೆ...

"ಹಿಂದ ಕುಂಡ್ರಲೇ, ಸುಮ್ನ!" ಎಂದು ಅವನ ಕಾಲರು ಹಿಡಿದು ಎಳೆದಳು.

ಪೊಲೀಸ್ ಠಾಣೆ ಮುಟ್ಟುವ ಹೊತ್ತಿಗೆ ಅವನ ರಕ್ತದಿಂದ ಅವಳ ಬೆನ್ನು ತೊಯ್ದಿತ್ತು. ಮಹಿಳಾ ಪೇದೆ ಎಲ್ಲವನ್ನೂ ಬರೆದುಕೊಂಡು, ಅವನ ತಲೆಗೆ ಬಟ್ಟೆ ಸುತ್ತಿದಳು. ದವಾಖಾನೆಗೆ ಕಳಿಸಲು ಜೀಪು ಕರೆಸಿ ಕೇಳಿದಳು:

"ಇಂವ ನಿನಗ ಏನಾಗಬೇಕವಾ?"

"ತಡೀರಿ, ಕೇಳಿ ಹೇಳ್ತೇನಿ."

ಮಹಾನಂದಾ ಅವನತ್ತ ತಿರುಗಿದಳು. ಬಡಿದಾಟದಲ್ಲಿ ನಡುಗದ ದನಿ ಈಗ ನಡುಗಿತು.

"ನನ್ನ ಲಗ್ನಾ ಆಗ್ತೀರೇನ್ರಿ? ಬ್ಯಾಡಂದ್ರ... ಬ್ಯಾಡ ಅನ್ರಿ. ಒತ್ತಾಯ ಏನಿಲ್ಲ."

"ತಲಿ ಒಡದೈತಿ ಖರೆ," ಹುಲಿಗೇಶ ನೋವಿನಲ್ಲೇ ನಕ್ಕ, "ಬ್ಯಾಡ ಅನ್ನೂವಷ್ಟ ಕೆಟ್ಟಿಲ್ರಿ."

"ಹಂಗಲ್ಲ... ಹೂಂ ಅನ್ರಿ."

"ಹೂಂ."

ಅವಳು ಬಿಕ್ಕಿ ಬಿಕ್ಕಿ ಅತ್ತಳು.