ಕುರ್ಚಿಯ ಕೆಳಗೆ ಗುಂಡಣ್ಣ

"ಏನು ತಿಂದಿತ್ತು?" ಎನ್ನುತ್ತ ಡಾಕ್ಟರಮ್ಮ ಬೆಕ್ಕಿನ ತುಟಿ ಎತ್ತಿ ನೋಡಿದರು. ಒಸಡು ಬಿಳಿಚಿಕೊಂಡಿತ್ತು.

"ನಾನು ಹಾಕೋದು ಬೇಯಿಸಿದ ಮೀನು ಅಷ್ಟೇ," ಎಂದರು ಟೈಲರ್ ತಾತ. ಅಂಗಡಿಯಿಂದ ಓಡಿ ಬಂದ ಅವಸರಕ್ಕೆ ಅಳತೆ ಟೇಪು ಕೊರಳಲ್ಲೇ ನೇತಾಡುತ್ತಿತ್ತು. "ದಾರ ನುಂಗಿರಬೇಕು ಡಾಕ್ಟ್ರೇ. ತಪ್ಪು ನಂದೇ. ಕಣ್ಣು ಮಂಜು, ಕೆಳಗೆ ಬಿದ್ದಿದ್ದು ಕಾಣಲ್ಲ."

ಬುಟ್ಟಿ ಹಿಡಿದು ಜೊತೆಗೆ ಬಂದಿದ್ದ ಪಕ್ಕದ ಮನೆಯ ಹುಡುಗಿ ಚಿನಕುರುಳಿ ತುಟಿ ಬಿಚ್ಚಲಿಲ್ಲ. ಅರಳು ಹುರಿದಂತೆ ಮಾತಾಡುತ್ತಾಳೆ ಎಂದೇ ಬೀದಿಯವರೆಲ್ಲ ಅವಳಿಗೆ ಆ ಹೆಸರಿಟ್ಟಿದ್ದರು. ಈಗ ನೋಡಿದರೆ ಬಾಯಿಗೆ ಬೀಗ.

ಗುಂಡಣ್ಣ ತಾತನ ಬೆಕ್ಕು. ಆದರೆ ಬೆಳಗಿನ ತಿಂಡಿಯ ಹೊತ್ತಿಗೆ ಅವನ ಠಿಕಾಣಿ ಚಿನಕುರುಳಿಯ ಕುರ್ಚಿಯ ಕೆಳಗೆ. ಅಮ್ಮನ ಆಮ್ಲೆಟ್‌ನಲ್ಲಿ ಮೊಟ್ಟೆಗಿಂತ ಈರುಳ್ಳಿಯೇ ಹೆಚ್ಚು. ಚಿನಕುರುಳಿಗೆ ಈರುಳ್ಳಿ ಕಂಡರಾಗದು. ಅಮ್ಮ ಒಲೆಯ ಕಡೆ ತಿರುಗಿದ್ದೇ ತಡ, ಆಮ್ಲೆಟ್ ಕೆಳಗೆ. ಗುಂಡಣ್ಣ ಗುಳುಂ! ಖಾಲಿ ತಟ್ಟೆ ನೋಡಿ ಅಮ್ಮ, "ನನ್ನ ಜಾಣೆ!" ಎಂದು ಕೆನ್ನೆ ಹಿಂಡುತ್ತಿದ್ದಳು. ಆ ಮಾತು ಕೇಳಲು ಚಿನಕುರುಳಿಗೂ ಖುಷಿಯಾಗುತ್ತಿತ್ತು.

"ದಾರ ಇದ್ರೆ ಹೊಟ್ಟೆ ಕುಯ್ಯಬೇಕಾಗುತ್ತೆ ತಾತ," ಎಂದರು ಡಾಕ್ಟರಮ್ಮ. "ಇಷ್ಟು ಸುಸ್ತಾಗಿರೋ ಬೆಕ್ಕು, ತಡ್ಕೊಳ್ಳೋದು ಕಷ್ಟ."

ತಾತ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನನ್ನ ಕೈಯಾರೆ ಹೀಗೆ ಮಾಡಿಬಿಟ್ಟೆ."

ಚಿನಕುರುಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ದಾರ ಅಲ್ಲ," ಎಂದಳು ತಲೆ ತಗ್ಗಿಸಿ. "ಆಮ್ಲೆಟ್. ನಂದು. ದಿನಾ ನಾನೇ ಹಾಕ್ತಿದ್ದೆ."

"ಈರುಳ್ಳಿ ಇತ್ತಾ ಅದ್ರಲ್ಲಿ?"

"ತುಂಬಾ."

"ಬೆಕ್ಕಿಗೆ ಈರುಳ್ಳಿ ವಿಷ ಪುಟ್ಟಾ. ಬೇಯಿಸಿದ್ರೂ ಅಷ್ಟೇ, ರಕ್ತ ಕೆಡಿಸುತ್ತೆ. ಸದ್ಯ, ಹೇಳಿದ್ಯಲ್ಲ! ಮೊದಲು ರಕ್ತ ಟೆಸ್ಟ್ ಮಾಡಿ ಡ್ರಿಪ್ ಹಾಕ್ತೀನಿ. ಉಳಿಯುತ್ತೆ ಅನ್ಸುತ್ತೆ. ಇಲ್ಲೇ ಬಿಟ್ಟು ಹೋಗಿ."

ತಾತ ಬೈಯಲಿಲ್ಲ. ರಸ್ತೆ ದಾಟುವಾಗ ಎಂದಿನಂತೆ ಅವಳ ಕೈ ಹಿಡಿದುಕೊಂಡರು. ಬೈದಿದ್ದರೇ ಚೆನ್ನಾಗಿತ್ತು. ಖಾಲಿ ಬುಟ್ಟಿ ಹಿಡಿದು ನಡೆದ ಅವಳಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಮರುದಿನ ಬೆಳಗ್ಗೆ ತಟ್ಟೆಯಲ್ಲಿ ಮತ್ತೆ ಆಮ್ಲೆಟ್. ತಾತ ಅಮ್ಮನಿಗೆ ಏನೂ ಹೇಳಿರಲಿಲ್ಲ. ಚಿನಕುರುಳಿ ಕುರ್ಚಿಯ ಕೆಳಗೆ ಬಗ್ಗಿ ನೋಡಿದಳು. ಯಾರೂ ಇರಲಿಲ್ಲ.

"ಅಮ್ಮಾ, ನಂಗೆ ಈರುಳ್ಳಿ ಸೇರಲ್ಲ. ಇಷ್ಟು ದಿನ ಗುಂಡಣ್ಣಂಗೆ ಹಾಕ್ತಿದ್ದೆ. ಅದಕ್ಕೇ ಅವನಿಗೆ ಹುಷಾರಿಲ್ಲ."

ಅಮ್ಮ ಸೌಟು ಹಿಡಿದುಕೊಂಡೇ ಎದುರಿಗೆ ಕೂತಳು.

"ಬೇಡ ಅಂದಿದ್ರೆ ನಾನು ಹಾಕ್ತಾನೇ ಇರ್ಲಿಲ್ವಲ್ಲೇ," ಎಂದಳು.

ಇಷ್ಟೇ ಇಷ್ಟು ಮಾತು. ದಿನವಿಡೀ ವಟಗುಟ್ಟುವ ಬಾಯಿಗೆ ಅದೊಂದು ಬಂದಿರಲಿಲ್ಲ.

ಸ್ಕೂಲಿಗೆ ಹೊರಡುವ ಮುಂಚೆ ಅವಳು ತಾತನ ಅಂಗಡಿಗೆ ಹೋದಳು. ಹೊಲಿಗೆ ಮಷೀನಿನ ಕೆಳಗೆ ನುಸುಳಿ, ಬಿದ್ದಿದ್ದ ದಾರದ ತುಂಡುಗಳನ್ನು ಒಂದೊಂದಾಗಿ ಹೆಕ್ಕತೊಡಗಿದಳು.

"ಯಾಕಮ್ಮಾ ಅದೆಲ್ಲ? ದಾರದಿಂದ ಏನೂ ಆಗಿಲ್ಲ ಅಂತಾಯ್ತಲ್ಲ."

"ಗುಂಡಣ್ಣ ವಾಪಸ್ ಬರ್ತಾನಲ್ಲ ತಾತ," ಎಂದಳು ಚಿನಕುರುಳಿ, ತಲೆ ಎತ್ತದೆ.